ನಾವು ಹೊರಟದ್ದು ಬುಧವಾರವೋ, ರವಿವಾರವೋ?

ಹುಬ್ಬಳ್ಳಿ,
ರವಿವಾರ, ೧೨ ನವೆಂಬರ್ ೧೯೬೧

ಪ್ರವಾಸ ವಿಮಾ ಕಂಪನಿಯ ಹುಬ್ಬಳ್ಳಿ ಶಾಖಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಾಯಿ ನಿಜ ಹೇಳಿದಳೆಂಬ ಒಂದೇ ಕಾರಣಕ್ಕೆ ನನ್ನ ಹೆಂಡತಿಯ ಮುರಿದ ಕೈಗೆ ನೀವು ಪರಿಹಾರ ಕೊಡಲಿಲ್ಲ. ಇದನ್ನು ನಿಮ್ಮ ಮೇಜಿನ ಮುಂದೆ ನಿಂತು ಮೂರು ಸಲ ಹೇಳಿದ್ದೇನೆ, ನಾಲ್ಕು ಸಲ ಬರೆದಿದ್ದೇನೆ. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಎರಡು ಸಲ ಬಂತು. "ನಿಯಮಾನುಸಾರ ತಿರಸ್ಕರಿಸಲಾಗಿದೆ" ಎಂಬುದು ಒಂದು ಸಲ. ನಾಲ್ಕನೆಯ ಪತ್ರಕ್ಕೆ ಉತ್ತರವೇ ಇಲ್ಲ. ಆದ್ದರಿಂದ ಈ ಐದನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಅವಸರವೂ ಇದೆ. ನಾಡಿದ್ದು ಮಂಗಳವಾರದ ಗಾಡಿಗೆ ನಾವು ಮಿರಜಿಗೆ ಹೋಗಬೇಕು. ಬುಧವಾರ ಮುಂಜಾನೆ ಅಲ್ಲಿನ ಡಾಕ್ಟರು ನನ್ನ ಹೆಂಡತಿ ರತ್ನವ್ವನ ಬಲಗೈಯ ಸೊಟ್ಟ ಕೂಡಿದ ಎಲುಬನ್ನು ಮತ್ತೊಮ್ಮೆ ಮುರಿದು ಕೂಡಿಸುವವರಿದ್ದಾರೆ. ಈ ಪ್ರಯಾಣಕ್ಕೂ ನಿಮ್ಮ ಏಜೆಂಟರು ಒಂದು ವಿಮೆಯ ಫಾರ್ಮು ತಂದುಕೊಟ್ಟು ಹೋಗಿದ್ದಾರೆ. ಅದನ್ನು ತುಂಬಬೇಕೋ ಬಿಡಬೇಕೋ ನನಗೆ ತಿಳಿಯುತ್ತಿಲ್ಲ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಹದಿನಾರು ವರ್ಷದಿಂದ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ಅರಬೀ ಸಮುದ್ರ ತೀಡುತ್ತ ಬಂದವನು, ಆ ಸಮುದ್ರವನ್ನು ಒಮ್ಮೆಯೂ ಕಂಡವನಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಕಾರವಾರಕ್ಕೆ ಹೋಗಿ ಬರೋಣವೆಂದು ನಿಶ್ಚಯಿಸಿದೆವು. ಅವ್ವ, ಅಂದರೆ ಈರವ್ವ, ನಾನು, ರತ್ನವ್ವ ಮತ್ತು ಒಂಬತ್ತು ವರ್ಷದ ಮಗಳು. ಬಸ್ಸಿನಲ್ಲಿ ನಾಲ್ಕು ಸೀಟು ಸಿಕ್ಕಿದ್ದು ಮೇ ಏಳನೆಯ ತಾರೀಖು, ರವಿವಾರಕ್ಕೆ. ಆ ಸುದ್ದಿ ತಂದ ದಿನವೇ ನಿಮ್ಮ ಏಜೆಂಟ ರಮಾಕಾಂತ ಕೂಡ ಮನೆಗೆ ಬಂದರು. ಸುದ್ದಿಯನ್ನು ಅವರು ಎಲ್ಲಿಂದ ಮೂಸಿದರೋ ಕಾಣೆ.

"ಮಾಸ್ತರ್ರ, ಮನಿ ಬಿಟ್ಟಾಗಿಂದ ತಿರಗಿ ಮನಿಗೆ ಬರೂತನಕ ಎಲ್ಲಾ ನಮ್ಮ ಕಂಪನಿ ಜವಾಬ್ದಾರಿ. ನೀವು ಬೇಫಿಕೀರ ಹೋಗಿ ಬರ್ರಿ" ಎಂದು ಅವರು ಜಮಖಾನೆಯ ಮೇಲೆ ಫಾರ್ಮು ಹರಡಿದರು. ಒಂದು ಕಣ್ಣಿಗೆ ಇಷ್ಟು, ಎರಡು ಕಣ್ಣಿಗೆ ಇಷ್ಟು, ಮಣಿಕಟ್ಟಿನಿಂದ ಕೆಳಗೆ ಇಷ್ಟು ಎಂದು ಅಚ್ಚುಹಾಕಿಸಿದ್ದನ್ನು ನಾನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮನಿ ಬಿಡೂ ಮುಂದ ಕೈ ಮುರದ್ರ ಇಷ್ಟು, ಕಾಲ ಮುರದ್ರ ಇಷ್ಟು ಅಂತ ಬರಸ್ಕೊಂಡು ಹೋಗ್ತಾರೇನೋ ಯಪ್ಪಾ? ನಾವು ಸಮುದ್ರ ನೋಡಾಕ ಹೊಂಟೇವೋ, ಬಡದಾಡಾಕ ಹೊಂಟೇವೋ?"

"ಛತ್ರಿ ಒಯ್ದ್ರ ಮಳಿ ಬರತೈತೇನ್ರಿ ಅತ್ತಿ?" ಎಂದಳು ರತ್ನವ್ವ. ಆಕೆ ಜಂಪರು ಹೊಲಿಯುವವಳು. ಓಣಿಯ ಹೆಂಗಸರಷ್ಟೇ ಅಲ್ಲ, ದೇಶಪಾಂಡೆ ನಗರದ ವಕೀಲರ ಮನೆಯವರೂ ಆಕೆಯ ಕತ್ತರಿಯನ್ನೇ ನಂಬಿದ್ದರು. "ನನ್ನ ಕೈ ಮ್ಯಾಲ ಈ ಮನಿ ಅರ್ಧ ನಿಂತೈತಿ. ಏನರ ಆದ್ರ ಯಾರ ನೋಡವರು?"

ಮೂರು ದಿನ ಮನೆಯಲ್ಲಿ ಇದೇ ಚರ್ಚೆ. ನಾನು ಅತ್ತ ಅವ್ವನಿಗೂ ಹೌದೆಂದೆ, ಇತ್ತ ಹೆಂಡತಿಗೂ ಹೌದೆಂದೆ. ಕೊನೆಗೆ ಶುಕ್ರವಾರ ಸಂಜೆ ರತ್ನವ್ವ ತನ್ನ ಹೊಲಿಗೆಯ ದುಡ್ಡು ಕೊಟ್ಟು ನಾಲ್ವರ ಹೆಸರಿನಲ್ಲೂ ವಿಮೆ ಮಾಡಿಸಿದಳು. ಆದ್ದರಿಂದ ದಯವಿಟ್ಟು ಗಮನಿಸಬೇಕು: ನಿಮ್ಮನ್ನು ನಂಬಿದವನು ನಾನಲ್ಲ, ಆಕೆ.

ಇನ್ನು ಬುಧವಾರದ ವಿಷಯ. ಅವ್ವನ ಲೆಕ್ಕದಲ್ಲಿ ರವಿವಾರ ಪಶ್ಚಿಮ ದಿಕ್ಕಿಗೆ ಹೋಗಬಾರದು, ಕಾರವಾರ ಇರುವುದು ಪಶ್ಚಿಮಕ್ಕೆ. ದಿನ ವಾರ ನೋಡಬೇಡಿ ಎಂದು ಸಾರಿದ ಶರಣರ ಪಟಕ್ಕೆ ಅವ್ವ ದಿನವೂ ಕೈಮುಗಿಯುತ್ತಾಳೆ. ಅದೇ ಪಟದ ಕೆಳಗೆ ಮೊಳೆ ಹೊಡೆದು ಪಂಚಾಂಗವನ್ನೂ ತೂಗುಹಾಕಿದ್ದಾಳೆ. ಬಸ್ಸು ಪಂಚಾಂಗ ನೋಡುವುದಿಲ್ಲವಾದ್ದರಿಂದ, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಾಡುವಂತೆ, ಅವಳು ಬುಧವಾರ ಒಳ್ಳೆಯ ವೇಳೆ ನೋಡಿ ಪ್ರಸ್ಥಾನ ಇಟ್ಟಳು. ಎಂದರೆ ಹಸಿರು ಖಣದಲ್ಲಿ ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ನನ್ನದೊಂದು ಟೊಪ್ಪಿಗೆ ಇಟ್ಟು ಗಂಟು ಕಟ್ಟಿ, ಹೊಸ್ತಿಲು ದಾಟಿಸಿ, ನಾಲ್ಕು ಮನೆ ಆಚೆಗಿರುವ ಕರೀಮಾಬಿಯವರ ಮನೆಯ ಗೋಡೆಯ ಮಾಡದಲ್ಲಿ ಇಟ್ಟು ಬಂದಳು. ಗಂಟು ಹೊರಟರೆ ಮನೆಮಂದಿಯೆಲ್ಲ ಹೊರಟಂತೆ. ಆಮೇಲೆ ಯಾವ ದಿನ ಬಸ್ಸು ಹತ್ತಿದರೂ ದೋಷವಿಲ್ಲ, ಹೋಗುವಾಗ ಗಂಟನ್ನು ತೆಗೆದುಕೊಂಡು ಹೋದರಾಯಿತು. ನಾವೆಲ್ಲ ಮನೆಯಲ್ಲೇ ಇದ್ದೆವು. ಉಂಡೆವು, ಮಲಗಿದೆವು, ನಿಮ್ಮ ವಿಮೆಯ ಬಗ್ಗೆ ಜಗಳಾಡಿದೆವು. ರವಿವಾರ ಮುಂಜಾನೆ ಕರೀಮಾಬಿಯವರ ಮನೆಯಿಂದ ಗಂಟು ಎತ್ತಿಕೊಂಡು ಬಸ್ಸು ಹತ್ತಿದೆವು.

ಅರಬೈಲು ಘಟ್ಟದ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಮರದ ನಾಟಾ ತುಂಬಿದ ಲಾರಿ ಬಂತು. ಡ್ರೈವರ ಬಸ್ಸನ್ನು ಕಣಿವೆಯ ಕಡೆಗೆ ಬಿಡದೆ ಗುಡ್ಡಕ್ಕೆ ಒತ್ತಿ ನಿಲ್ಲಿಸಿದ. ಅವನಿಂದಲೇ ಎಲ್ಲರೂ ಬದುಕಿದೆವು. ಆ ಒಂದು ಕ್ಷಣದಲ್ಲಿ ಮಗಳ ಹಣೆ ಮುಂದಿನ ಸೀಟಿನ ಕಬ್ಬಿಣದ ಸಳಿಗೆ ಬಡಿಯಬಾರದೆಂದು ರತ್ನವ್ವ ತನ್ನ ಬಲಗೈ ಅಡ್ಡ ಹಿಡಿದಳು. ಮಗಳ ಹಣೆಗೆ ಏನೂ ಆಗಲಿಲ್ಲ. ಸಮುದ್ರ ಇನ್ನು ಇಪ್ಪತ್ತು ಮೈಲಿ ಇದ್ದಿರಬೇಕು, ನಾವು ಅಲ್ಲಿಂದಲೇ ತಿರುಗಿ ಬಂದೆವು.

ಎಲುಬು ಸೊಟ್ಟ ಕೂಡಿತು. ಈಗ ಆಕೆ ಆ ಕೈಯಲ್ಲಿ ನೀರಿನ ತಂಬಿಗೆ ಎತ್ತಲಾರಳು, ಸೂಜಿಯಲ್ಲಿ ದಾರ ಪೋಣಿಸಲಾರಳು. ಈ ದೀಪಾವಳಿಗೆ ಜಂಪರಿನ ಅರಿವೆ ತಂದ ಹೆಂಗಸರು ಬಾಗಿಲಲ್ಲೇ ಕೈ ನೋಡಿ, "ಇರಲಿ ಬಿಡವಾ, ಮುಂದ ನೋಡೂಣು" ಎಂದು ಅರಿವೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಆಕೆ ಎಡಗೈಯಲ್ಲಿ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು.

ಜೂನ್ ತಿಂಗಳಲ್ಲಿ ನಿಮ್ಮ ತನಿಖಾಧಿಕಾರಿ ನಮ್ಮ ಮನೆಗೆ ಬಂದಾಗ ನಾನು ಶಾಲೆಯಲ್ಲಿದ್ದೆ, ರತ್ನವ್ವ ಪಟ್ಟಿ ಬಿಚ್ಚಿಸಲು ದವಾಖಾನೆಗೆ ಹೋಗಿದ್ದಳು. ಅವ್ವ ಅವರನ್ನು ಕೂಡ್ರಿಸಿ ಅವಲಕ್ಕಿ, ಚಹಾ ಕೊಟ್ಟಳು. ಅವರು ಕೇಳಿದ್ದು ಒಂದೇ ಮಾತು.

"ಯಾವತ್ತ ಹೊಂಟ್ರಿ ಅಜ್ಜಿ?"

"ಬುಧವಾರ ಮುಂಜಾನಿ ಹೊಂಟೀವ್ರಿ ಸಾಹೇಬ್ರ."

ಅವರು ಬರೆದುಕೊಂಡರು. ಅವ್ವ ಹೆಬ್ಬೆಟ್ಟು ಒತ್ತಿದಳು. ವಿಮೆ ಪಡೆದದ್ದು ಶುಕ್ರವಾರ, ಹೊರಟದ್ದು ಬುಧವಾರ! ನಿಮ್ಮ ಹನ್ನೆರಡನೆಯ ಷರತ್ತು ಹೇಳುತ್ತದೆ: ಪ್ರಯಾಣ ಆರಂಭವಾದ ನಂತರ ಪಡೆದ ವಿಮೆ ಊರ್ಜಿತವಲ್ಲ. ಅಲ್ಲಿಗೆ ಮುಗಿಯಿತು.

ಮಾನ್ಯರೇ, ಬಸ್ಸಿನ ಟಿಕೀಟು ರವಿವಾರದ್ದು. ಶನಿವಾರ ನಾನು ಶಾಲೆಯಲ್ಲಿ ಫಲಿತಾಂಶದ ಪಟ್ಟಿಗೆ ಸಹಿ ಮಾಡಿದ ಪುಸ್ತಕ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಶುಕ್ರವಾರ ಸಂಜೆ ನಮ್ಮ ಜಮಖಾನೆಯ ಮೇಲೆ ಕುಳಿತು ನಮ್ಮ ಕೈಯಿಂದಲೇ ಹಣ ಪಡೆದವರು ನಿಮ್ಮ ಏಜೆಂಟರು. ಬುಧವಾರವೇ ಹೊರಟುಹೋದವರು ಅವರಿಗೆ ಚಹಾ ಕೊಟ್ಟದ್ದು ಹೇಗೆ? ಕರೀಮಾಬಿ ನನ್ನ ಜೊತೆ ನಿಮ್ಮ ಕಚೇರಿಗೆ ಬಂದು, "ಗಂಟಿಗೇನು ಕಾಲ ಅದಾವೇನ್ರಿ ಸಾಹೇಬ್ರ? ನಾಕ ದಿನ ನಮ್ಮ ಮಾಡದಾಗ ಕುಂತಿತ್ತು, ನಾನ ಧೂಳ ಒರಸೇನಿ" ಎಂದಾಗ ನಿಮ್ಮ ಗುಮಾಸ್ತರು ನಕ್ಕರು, ನೀವೂ ನಕ್ಕಿರಿ. ನಕ್ಕ ಮೇಲೆ ಆಕೆಯ ಮಾತನ್ನು ಬರೆದುಕೊಂಡಿರಾ? ರಮಾಕಾಂತ ತಮ್ಮ ಮನೆಯಲ್ಲೂ ಪ್ರಸ್ಥಾನ ಇಡುತ್ತಾರೆಂದು ಹಾದಿಯಲ್ಲಿ ನನ್ನೆದುರು ಒಪ್ಪುತ್ತಾರೆ, ನಿಮ್ಮ ಎದುರಿಗೆ ಮಾತ್ರ ಕೆಮ್ಮು ಬರುತ್ತದೆ. ನೀವು ವರ್ಗವಾಗಿ ಈ ಊರಿಗೆ ಬರುವಾಗ ನಿಮ್ಮ ತಾಯಿ ಯಾರ ಮನೆಯಲ್ಲೂ ಒಂದು ಗಂಟು ಇಡಲಿಲ್ಲವೇ? ಇಟ್ಟಿದ್ದರೆ ನೀವು ಅಧಿಕಾರ ವಹಿಸಿಕೊಂಡ ತಾರೀಖನ್ನೂ ತಿದ್ದಬೇಕಾಗುತ್ತದೆ.

ಈಗ ನನ್ನ ತಪ್ಪು ಹೇಳುತ್ತೇನೆ. ನಾನು ಮೂರನೆಯ ಸಲ ನಿಮ್ಮ ಕಚೇರಿಗೆ ಬಂದಾಗ ನೀವು ದನಿ ತಗ್ಗಿಸಿ ಹೇಳಿದಿರಿ: "ವಯಸ್ಸಾದವರು, ಅರಳುಮರಳು, ದಿನದ ನೆನಪಿಲ್ಲ ಅಂತ ಒಂದು ಹೇಳಿಕೆ ತನ್ನಿ, ನೋಡೋಣ." ನಿಮ್ಮ ಮುಖದಲ್ಲಿ ಕರುಣೆಯೂ ಇತ್ತು. ಆ ಮಾತನ್ನು ನಾನು ಬಹಳ ದಿನ ಹೊಟ್ಟೆಯಲ್ಲಿಟ್ಟುಕೊಂಡೆ. ಅವ್ವ ತನಿಖಾಧಿಕಾರಿಗೆ ಹೇಳಿಕೆ ಕೊಟ್ಟ ದಿನದಿಂದ ಮನೆಯಲ್ಲಿ ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಕುಳಿತರೂ ಮಾತಿಲ್ಲ. ಅವ್ವ ರೊಟ್ಟಿ ಬಡಿದರೆ ರತ್ನವ್ವ ಎಡಗೈಯಲ್ಲಿ ತಿರುವಿ ಹಾಕುತ್ತಾಳೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮಿರಜಿನ ದಿನ ಗೊತ್ತಾದ ಮೇಲೆ, ಮೊನ್ನೆ ಶುಕ್ರವಾರ, ನಾನು ಒಳ್ಳೆಯ ಕಾಗದ ತಂದು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: "ನಾನು ಈರವ್ವ, ವಯೋಧರ್ಮದಿಂದ ನನ್ನ ಬುದ್ಧಿ ಸ್ತಿಮಿತದಲ್ಲಿಲ್ಲದ ಕಾರಣ..." ಮಸಿಯ ಡಬ್ಬಿ ತೆರೆದು ಅವ್ವನ ಮುಂದಿಟ್ಟೆ. ಓದು ಬಾರದವಳು. ಏನು ಬರೆದಿದ್ದೀ ಎಂದು ಕೇಳಿದಳು, ನಾನು ಓದಿ ಹೇಳಿದೆ.

"ನನಗ ಅರಳುಮರಳು ಅಂತ ಬರದೀಯೇನಪಾ?"

ನಾನು ಕಾಗದದ ಮಡಿಕೆ ತೀಡುತ್ತ ಕುಳಿತೆ.

"ನಾನು ಖರೇನ ಹೇಳೇನಿ. ಹೊಂಟಿದ್ದು ಬುಧವಾರನ" ಎಂದಳು. ಆಮೇಲೆ ತಾನೇ ಹೆಬ್ಬೆಟ್ಟು ಚಾಚಿದಳು. "ಹಚ್ಚು ಮಸಿ. ಸೊಸಿ ಕೈಗಿಂತ ನನ್ನ ಮಾತು ದೊಡ್ಡದೇನಲ್ಲ."

ನಾನು ಆ ಬೆರಳು ಹಿಡಿದೆ, ಮಾನ್ಯರೇ. ಮಸಿಯನ್ನೂ ಹಚ್ಚಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಅಷ್ಟರಲ್ಲಿ ರತ್ನವ್ವ ಒಳಗಿನಿಂದ ಬಂದು ಕಾಗದ ಕಸಿದುಕೊಂಡಳು. ಬಲಗೈ ನಡೆಯದು, ಎಡಗೈಯಲ್ಲಿ ಹಿಡಿದು ಹಲ್ಲಿನಿಂದ ಹರಿದಳು.

"ಅತ್ತಿ ಕೈಲೆ ಸುಳ್ಳಿಗೆ ಹೆಬ್ಬಟ್ಟು ಒತ್ತಿಸಿ ನನ್ನ ಕೈ ನೆಟ್ಟಗಾಗೂದು ಬ್ಯಾಡ್ರಿ" ಎಂದು ನನಗೆ ಹೇಳಿ, ಸೆರಗಿನ ತುದಿಯಿಂದ ಅವ್ವನ ಬೆರಳಿನ ಮಸಿ ಒರೆಸಿದಳು. ಐದು ತಿಂಗಳಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು.

ಇಷ್ಟಾದ ಮೇಲೆ ನಿನ್ನೆ ರಮಾಕಾಂತ ಹೊಸ ಫಾರ್ಮು ತಂದರು. ಅದರ ಐದನೆಯ ಅಂಕಣ: "ಪ್ರಯಾಣ ಆರಂಭದ ದಿನ". ಮಂಗಳವಾರ ಉತ್ತರ ದಿಕ್ಕಿಗೆ ಹೋಗಬಾರದು, ಮಿರಜ ಉತ್ತರಕ್ಕಿದೆ. ಆದ್ದರಿಂದ ಇಂದು ಮುಂಜಾನೆ ಅವ್ವ ಮತ್ತೆ ಗಂಟು ಕಟ್ಟಿದಳು. ನಾನು ಮಂಗಳವಾರ ಎಂದು ಬರೆದರೆ ನಿಮ್ಮವರು ಮತ್ತೊಮ್ಮೆ ಬಂದು ಚಹಾ ಕುಡಿದು ಅವ್ವನನ್ನು ಕೇಳುತ್ತಾರೆ, ಅವಳು ಮತ್ತೊಮ್ಮೆ ನಿಜ ಹೇಳುತ್ತಾಳೆ. ರವಿವಾರ ಎಂದು ಬರೆದರೆ ಹೊರಟವರಿಗೆ ವಿಮೆ ಇಲ್ಲ ಎನ್ನುತ್ತೀರಿ. ವಿಮೆ ಬೇಡವೆಂದು ಬಿಟ್ಟುಬಿಡೋಣವೆಂದರೆ, ಆ ಗಾಡಿಯಲ್ಲಿ ಈ ಕೈಯನ್ನು ಕೂಡ್ರಿಸಿಕೊಂಡು ಹೋಗುವಾಗ ನನಗೆ ಭಯವಾಗುತ್ತದೆ. ಹೌದು, ಭಯವಾಗುತ್ತದೆ. ನಿಮ್ಮ ವ್ಯಾಪಾರ ನಡೆಯುವುದು ಈ ಭಯದಿಂದಲೇ ಅಲ್ಲವೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಂಗಳವಾರ ಗಾಡಿ ಬಿಡುವುದರೊಳಗೆ ನಿಮ್ಮ ಸಹಿ, ಮೊಹರಿನೊಂದಿಗೆ ಬರೆದುಕೊಡಿ: ಪ್ರಯಾಣ ಆರಂಭವೆಂದರೆ ಮನುಷ್ಯರು ಹೊರಟ ದಿನ, ಗಂಟು ಹೊರಟ ದಿನವಲ್ಲ. ಈರವ್ವ ಹೇಳಿದ್ದು ಸುಳ್ಳೂ ಅಲ್ಲ, ಅರಳುಮರಳೂ ಅಲ್ಲ, ನಿಮ್ಮ ತನಿಖಾಧಿಕಾರಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ ಅಷ್ಟೆ. ಇದನ್ನು ಬರೆದರೆ ಮೇ ತಿಂಗಳ ಅಪಘಾತಕ್ಕೆ ನೀವು ಕೊಟ್ಟ ತಿರಸ್ಕಾರ ತಾನಾಗಿ ಬಿದ್ದುಹೋಗುತ್ತದೆ. ಹೊಸ ಫಾರ್ಮನ್ನೂ ನಾನು ಆಗ ತುಂಬುತ್ತೇನೆ. ಬರೆಯದಿದ್ದರೆ ಅದು ಖಾಲಿಯೇ ಉಳಿಯುತ್ತದೆ, ನಾವು ಹಾಗೆಯೇ ಹೋಗುತ್ತೇವೆ.

ಅಷ್ಟಕ್ಕೂ ಅನುಮಾನವಿದ್ದರೆ ನಿಮ್ಮ ತನಿಖಾಧಿಕಾರಿಯನ್ನು ಕಳಿಸಿ. ಈ ಸಲದ ಗಂಟೂ ಕರೀಮಾಬಿಯವರ ಮಾಡದಲ್ಲೇ ಇದೆ, ಬಿಚ್ಚಿ ನೋಡಲಿ. ಅಕ್ಕಿ, ಅರಿಷಿಣ, ಅಡಿಕೆಯ ಜೊತೆಗೆ ರತ್ನವ್ವನ ಕತ್ತರಿ ಇದೆ. ಪ್ರಸ್ಥಾನದ ಗಂಟಿನಲ್ಲಿ ಕಬ್ಬಿಣ ಇಡಬಾರದೆಂದು ಇಷ್ಟು ವರ್ಷ ನಮ್ಮನ್ನೆಲ್ಲ ಬೈದವಳು ಅವ್ವ. ಇಂದು ಆ ಕತ್ತರಿಗೆ ಎಣ್ಣೆ ಹಚ್ಚಿ, ಒರೆಸಿ, ತಾನೇ ಗಂಟಿನೊಳಗೆ ಇಟ್ಟಳು. ನಾನು ಅವಳ ಮುಖ ನೋಡಿದೆ. "ಮೊದಲ ಅದು ಹೋಗ್ಲಿ" ಎಂದಳು.

ಇಂತಿ,
ಮನೆಯಲ್ಲೇ ಕುಳಿತು, ನಿಮ್ಮ ಲೆಕ್ಕದಲ್ಲಿ ಇಂದು ಮುಂಜಾನೆಯೇ ಊರು ಬಿಟ್ಟಿರುವ,
ಸಮುದ್ರ ಕಾಣದ ಭೂಗೋಳ ಮಾಸ್ತರ
ಸಿದ್ದಲಿಂಗಪ್ಪ