ಸಾನ್ ಹ್ವಾನ್ ದಿನ ತೋಡಿದ ಗುಂಡಿ

ಜೂನ್ 3, ಮಂಗಳವಾರ

ಐದಕ್ಕೆ ಎದ್ದೆ. ಕಾಫಿ, ನಿನ್ನೆ ಉಳಿದ ತೋರ್ತಿಯಾ ರೊಟ್ಟಿ. ಆರಕ್ಕೆಲ್ಲ ಬೆಟ್ಟದ ಬುಡದ ದೊಡ್ಡ ಮನೆ. ಅಲ್ಲಿ ಡ್ರೈವ್‌ವೇ ರಸ್ತೆಯಿಂದ ಗ್ಯಾರೇಜಿನ ಕಡೆಗೇ ಇಳಿಯುತ್ತದೆ. ಹೋದ ಮಳೆಗಾಲದಲ್ಲಿ ಎರಡು ಸಲ ಒಳಗೆ ಮೊಣಕಾಲುದ್ದ ನೀರಂತೆ. ಅಡ್ಡ ಚರಂಡಿ ಕತ್ತರಿಸಿ ಜಾಲರಿ ಕೂರಿಸಿದ್ದಾಯಿತು. ಪಕ್ಕಕ್ಕೆ ಇಂಗುಗುಂಡಿ. ಮೂರಡಿಗೇ ಕಲೀಚೆ ಸಿಕ್ಕಿತು — ಸುಣ್ಣ ಕುಡಿದು ಕಲ್ಲಾದ ಮಣ್ಣು, ಈ ಮರಳುಗಾಡಿನ ಟೂಸಾನ್‌ನಲ್ಲಿ ಎಲ್ಲಿ ಅಗೆದರೂ ಅದೇ. ಅದನ್ನು ಒಡೆಯದಿದ್ದರೆ ಇಂಗುಗುಂಡಿ ಅಲ್ಲ, ನೀರಿನ ತೊಟ್ಟಿ.

"ವರ್ಷಕ್ಕೆ ಹತ್ತು ದಿನ ಬರೋ ಮಳೆಗೆ ಇಷ್ಟೆಲ್ಲಾ ಬೇಕಾ?" ಅಂದರು ಮನೆಯಾಕೆ.

"ಹತ್ತು ದಿನದ್ದೂ ಒಂದೇ ಗಂಟೇಲಿ ಸುರಿಯತ್ತಲ್ಲ ಮೇಡಂ" ಅಂದೆ. ಆಕೆ ನಗಲಿಲ್ಲ.

ಸಂಜೆ ಗುಂಡಿ ತುಂಬ ನೀರು ಬಿಟ್ಟು, ಕೋಲು ಇಳಿಸಿ ಗೆರೆ ಹಾಕಿ ಬಂದೆ. ಬೆಳಗಾಗುವುದರೊಳಗೆ ನೀರು ಇಂಗಿರಬೇಕು. ಇಲ್ಲದಿದ್ದರೆ ಇನ್ನೂ ಒಡೆಯಬೇಕು. ಲಾಲೋ ಹಾಕಿಕೊಟ್ಟ ನಿಯಮ ಇದು. ಇಪ್ಪತ್ತೆರಡು ವರ್ಷ ಜೊತೆಗೆ ದುಡಿದೆವು. ಅಗೆತ ನನ್ನದು, ಕಾಂಕ್ರೀಟು ಅವನದು. ಬೆಳಿಗ್ಗೆ ಕೋಲು ನೋಡದೆ ಯಾರ ಮನೆಯ ಕೆಲಸವೂ ಮುಗಿದಿಲ್ಲ ಅನ್ನುತ್ತಿದ್ದ.

ಅವನು ಹೋಗಿ ಹತ್ತು ತಿಂಗಳು.

ಜೂನ್ 4

ಕೋಲು ಒಣಗಿತ್ತು. ಬೆಟ್ಟದ ಮನೆ ಮುಗಿಯಿತು. ಬಿಸಿಲು ನೂರಾ ಆರು ಡಿಗ್ರಿ ಫ್ಯಾರನ್‌ಹೀಟ್.

ಜೂನ್ 6, ಶುಕ್ರವಾರ

ಒರ್ತೆನ್ಸಿಯಾಳ ಫೋನು. ಲಾಲೋನ ಹೆಂಡತಿ. ಅವರ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು ನಾನು, ಅಂದಿನಿಂದ ಅವಳಿಗೆ ನಾನು ಕೊಂಪಾದ್ರೆ, ನನಗೆ ಅವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಹೆಚ್ಚು ಅನ್ನುತ್ತಾರೆ. ಆದರೂ ಲಾಲೋನನ್ನು ಮಣ್ಣು ಮಾಡಿದ ಮೇಲೆ ಅವಳು ಫೋನ್ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ.

"ಕೊಂಪಾದ್ರೆ, ಮಳೆ ಹತ್ರ ಬಂತು. ಕಾರ್ ಶೆಡ್ ಮುಂದಿನ ಆ ಗುಂಡಿಗೆ ಕಾಂಕ್ರೀಟ್ ತುಂಬಿ ಮುಚ್ಚಿಬಿಡಿ. ಗೇಟ್ ಹತ್ರ ಒಂದು ದಿಬ್ಬ ಎತ್ತಿ. ಅಷ್ಟು ಸಾಕು."

"ಗುಂಡಿ ಯಾಕೆ ಮುಚ್ಚೋದು, ಕೊಮಾದ್ರೆ?"

"ನನ್ನ ಕಣ್ಣಿಗೆ ಅದು ಬೀಳಬಾರದು."

ಆಗಲಿ ಅಂದೆ. ಫೋನಿಟ್ಟ ಮೇಲೆ ನನಗೆ ಮೊದಲು ಆದದ್ದು ನೆಮ್ಮದಿ. ಬರೆದಿಡುತ್ತೇನೆ — ನೆಮ್ಮದಿಯೇ ಮೊದಲು ಆದದ್ದು. ನಾಚಿಕೆ ಆಮೇಲೆ ಬಂತು.

ಜೂನ್ 8, ಭಾನುವಾರ

ಅಳತೆಗೆ ಹೋಗಿದ್ದೆ. ಲಾಲೋನ ಪಿಕಪ್ ಶೆಡ್ಡಿನಲ್ಲೇ ಇದೆ, ಟೈರು ಕೂತಿವೆ. ಗುಂಡಿಯ ಜಾಲರಿಯ ಮೇಲೆ ಹಲಗೆ. ಗೋಡೆಯ ಪಕ್ಕ ನೀಲಿ ಬಕೆಟ್ಟು, ಅವತ್ತು ಅವನ ಕೈಯಲ್ಲಿದ್ದದ್ದು. ಅವಳು ಅದನ್ನು ಎತ್ತಿಟ್ಟಿಲ್ಲ, ಎಸೆದೂ ಇಲ್ಲ.

ಹೋದ ವರ್ಷ ಆಗಸ್ಟ್ ಹದಿನೇಳು. ನಲವತ್ತು ನಿಮಿಷದ ಮಳೆ. ರಸ್ತೆಯ ನೀರೆಲ್ಲ ಡ್ರೈವ್‌ವೇ ಇಳಿದು ಬಂದು ಗುಂಡಿ ತುಂಬಿ ಉಕ್ಕಿತು. ಲಾಲೋ ಮಂಡಿಯೂರಿ ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದನಂತೆ. ಒರ್ತೆನ್ಸಿಯಾ ಕೆಲಸದಿಂದ ಬರುವಾಗ ನೀರಿನಲ್ಲಿ ಬೋರಲು ಬಿದ್ದಿದ್ದ. ಹೃದಯ ಅಂದರು ಡಾಕ್ಟರು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

"ಎಷ್ಟು ಕಾಂಕ್ರೀಟ್ ಹಿಡಿಯತ್ತೆ?" ಅಂದಳು ಇವತ್ತು ಒರ್ತೆನ್ಸಿಯಾ. ಕೈಯಲ್ಲಿ ನನಗೆ ತಂದ ನಿಂಬೆ ಪಾನಕದ ಲೋಟ.

"ನೋಡ್ಬೇಕು."

"ನೋಡೋದೇನು, ನೀವೇ ತೋಡಿದ್ದಲ್ವಾ? ಆಳ ನಿಮಗೆ ಗೊತ್ತಿರಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಪಾನಕ ಅರ್ಧಕ್ಕೇ ಬಿಟ್ಟು ಬಂದೆ.

ಜೂನ್ 12, ಗುರುವಾರ

ಈ ಪುಸ್ತಕದಲ್ಲಿ ಆಳ, ಅಗಲ, ನೀರಿನ ಮಟ್ಟ ಬಿಟ್ಟು ಹೆಚ್ಚೇನೂ ಬರೆದವನಲ್ಲ. ಇವತ್ತು ಬರೆಯುತ್ತೇನೆ. ಒಮ್ಮೆಯಾದರೂ ಎಲ್ಲಾದರೂ ಇರಲಿ.

ಮೂರು ವರ್ಷದ ಹಿಂದೆ ಲಾಲೋ ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ. ಭಾರ ಎತ್ತಬಾರದು. ಅವನ ಡ್ರೈವ್‌ವೇ ಮಾತ್ರ ಪ್ರತಿ ಮಳೆಗೂ ಕೆರೆ. ಊರಿನವರ ನೀರೆಲ್ಲ ಇಂಗಿಸಿದವನ ಮನೆಯಲ್ಲೇ ನೀರು ನಿಲ್ಲುತ್ತಿತ್ತು. ನಾನು ತೋಡಿಕೊಡುತ್ತೇನೆ ಅಂದೆ, ಉಡುಗೊರೆ. ಅದೇ ವರ್ಷ ಜೂನ್ ಇಪ್ಪತ್ತನಾಲ್ಕು, ಸಾನ್ ಹ್ವಾನ್ ದಿನ. ಅವತ್ತು ಮಳೆಯನ್ನು ಕರೆಯುವ ಹಬ್ಬ, ನೀರಿನ ಕೆಲಸ ಹಿಡಿದರೆ ಒಳ್ಳೆಯದು ಅಂತ ನಮ್ಮವರ ನಂಬಿಕೆ. ಒಬ್ಬನೇ ಅಗೆದೆ. ಮೂರೂವರೆ ಅಡಿಗೆ ಕಲೀಚೆ. ಕಲ್ಲು ಒಡೆಯುವ ಬ್ರೇಕರ್ ಇಳಿಸಿದೆ. ಒಂದು ಗಂಟೆ ಹೊಡೆದರೂ ಒಂದು ಗೇಣು ಹೋಗಲಿಲ್ಲ. ನೂರಾ ಹತ್ತು ಡಿಗ್ರಿ. ಕೆಳಗಿನ ಬೀದಿಯಿಂದ ಮೆರವಣಿಗೆಯ ತುತ್ತೂರಿ ಕೇಳುತ್ತಿತ್ತು. ಅಂಪಾರೋ — ನನ್ನ ಹೆಂಡತಿ — ಎರಡು ಸಲ ಫೋನ್ ಮಾಡಿದಳು, ಎಲ್ಲರೂ ಊಟಕ್ಕೆ ಕಾಯುತ್ತಿದ್ದಾರೆ ಅಂತ.

ತಳಕ್ಕೆ ಜಲ್ಲಿ ಸುರಿದೆ. ತೂತಿನ ಕಾಂಕ್ರೀಟ್ ರಿಂಗ್ ಇಳಿಸಿದೆ. ಜಾಲರಿ ಮುಚ್ಚಿದೆ.

"ತಳ ಒಡೀತಾ, ಚೇಬೋ?" ಅಂದ ಲಾಲೋ, ಕುರ್ಚಿಯಿಂದಲೇ.

"ಒಡೀತು."

"ನೀರು ಬಿಟ್ಟು ನೋಡೋಣ್ವಾ?"

"ಹಬ್ಬದ ದಿನದ ಗುಂಡಿ ಕಣೋ, ಸಂತನೇ ನೋಡ್ಕೋತಾನೆ. ಊಟಕ್ಕೆ ನಡಿ."

ನಕ್ಕ. ಬಂದ. ಅಷ್ಟೇ ನಡೆದದ್ದು. ಅವನು ನನ್ನ ಮಾತು ನಂಬಿದ. ಆ ತೊಟ್ಟಿಯ ಅಂಚಿನಲ್ಲೇ ಸತ್ತ.

ಜೂನ್ 13

ಅಂಪಾರೋಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅವಳಿಗೆ ಹೇಳಿದ್ರೆ ಅವಳಿಗೇನು ಸಿಗತ್ತೆ? ನಿಮ್ಮ ಎದೆ ಹಗುರ ಆಗತ್ತೆ, ಅವಳದು ಭಾರ ಆಗತ್ತೆ. ಕಾಂಕ್ರೀಟ್ ಕೇಳಿದಾಳೆ, ಹಾಕಿ ಬನ್ನಿ."

ಮಾತು ಸರಿಯೇ. ನನಗೆ ಬೇಕಾದ ಮಾತೂ ಅದೇ. ಅದಕ್ಕೇ ಭಯವಾಗುತ್ತದೆ.

ಕಾಂಕ್ರೀಟ್ ಲಾರಿಗೆ ಹೇಳಿದೆ. ಮಂಗಳವಾರ ಬೆಳಿಗ್ಗೆ ಏಳು ಗಂಟೆ.

ಜೂನ್ 17, ಮಂಗಳವಾರ

ಲಾರಿ ಬಂತು. ಗೇಟಿನಲ್ಲಿ ನಿಂತಿತು. ಡ್ರಮ್ಮು ತಿರುಗುತ್ತಿದೆ, ಡ್ರೈವರ್ ನನ್ನ ಕೈಸನ್ನೆಗೆ ಕಾಯುತ್ತಿದ್ದಾನೆ. ಹಲಗೆ ತೆಗೆದೆ. ಜಾಲರಿ ಎತ್ತಿದೆ. ತಳದಲ್ಲಿ ಒಣಗಿ ಬಿರಿದ ಕೆಸರು.

ಆಗಲಿಲ್ಲ. ವಾಪಸ್ ಹೋಗು ಅಂದೆ. ಇಂಗ್ಲಿಷು, ಸ್ಪ್ಯಾನಿಷು ಎರಡರಲ್ಲೂ ಬೈದು ಹೋದ.

ಒರ್ತೆನ್ಸಿಯಾ ಬಾಗಿಲಲ್ಲಿದ್ದಳು. "ಯಾಕೆ ಕಳಿಸಿದ್ರಿ?"

ಹೇಳಿದೆ. ಗುಂಡಿಯ ತಳ ನಾನು ಒಡೆದಿರಲಿಲ್ಲ. ಒಡೆದೆ ಅಂದೆ. ನೀರು ಬಿಟ್ಟು ನೋಡೋಣ ಅಂದವನನ್ನು ಊಟಕ್ಕೆ ಎಬ್ಬಿಸಿಕೊಂಡು ಹೋದೆ. ಹಾಗೇ ನಿಂತು, ನೆಲ ನೋಡುತ್ತಾ ಹೇಳಿದೆ.

ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಒಂದು ಕೋಲು ಹಿಡಿದು ಬಂದಳು. ಪೊರಕೆಯ ಹಿಡಿ. ಲಾಲೋನ ಕೋಲು. ಮೈತುಂಬ ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಅವನ ಚಿಕ್ಕ ಅಕ್ಷರ. ಎಲ್ಲಕ್ಕಿಂತ ಮೇಲಿನ ಗೆರೆಗೆ: ಜೂನ್ 24, ಸಂಜೆ. ಅದಕ್ಕೆ ಅಂಟಿಕೊಂಡೇ ಇನ್ನೊಂದು: ಜೂನ್ 25, ಬೆಳಿಗ್ಗೆ 5. ಎರಡರ ನಡುವೆ ಒಂದು ಕೂದಲೂ ಹಿಡಿಯುವುದಿಲ್ಲ.

"ನೀನು ಕರ್ಕೊಂಡು ಹೋದ ಊಟ ಮುಗಿಸಿ ಬಂದು, ಪೈಪ್ ಹಾಕಿ ತುಂಬಿಸಿದ. ಬೆಳಿಗ್ಗೆ ಎದ್ದು ನೋಡಿದ. ಚೇಬೋಗೆ ಹೇಳಬೇಡ ಅಂದ. ಹಬ್ಬದ ದಿನ ಪ್ರೀತಿಯಿಂದ ಕೊಟ್ಟಿದಾನೆ, ಮುಖ ಮುರಿದ ಹಾಗಾಗತ್ತೆ ಅಂದ."

ಯಾವತ್ತೂ ನನ್ನನ್ನು ನೀನು ಅಂದವಳಲ್ಲ.

"ಬ್ರೇಕರ್ ನಿನ್ನ ಮನೇಲಿತ್ತು. ಕೇಳಿದ್ರೆ ಯಾಕೆ ಅಂತೀಯ. ಬೇರೆಯವರನ್ನ ಕರೆದ್ರೆ ನಿನ್ನ ಕಿವಿಗೆ ಬೀಳತ್ತೆ. ಬಕೆಟ್ ಹಿಡ್ಕೊಂಡು ಕೂತ. ಮೂರು ಮಳೆಗಾಲ! ಮೋಡ ಆದ್ರೆ ಸಾಕು ಬೂಟು ಹಾಕ್ಕೊಳ್ತಿದ್ದ."

ಕೋಲನ್ನು ಗೋಡೆಗೆ ಒರಗಿಸಿದಳು.

"ಹತ್ತು ತಿಂಗಳು ಕಾದೆ, ಬಂದು ಹೇಳ್ತಾನೆ ಅಂತ. ಬರಲಿಲ್ಲ. ಕಾಂಕ್ರೀಟ್ ಹಾಕು ಅಂದೆ. ಹಾಕ್ತೀಯೋ ಇಲ್ವೋ ನೋಡೋಣ ಅಂತಲೇ ಅಂದೆ."

"ಒರ್ತೆನ್ಸಿಯಾ…"

"ಹೋಗು. ಇವತ್ತು ನಿನ್ನ ಮುಖ ನನಗೆ ಸಾಕು."

ಜೂನ್ 18

ಕೆಲಸಕ್ಕೆ ಹೋಗಲಿಲ್ಲ.

ಜೂನ್ 21

ಅವನಿಗೆ ಗೊತ್ತಿತ್ತು. ಆಮೇಲೂ ಎರಡು ವರ್ಷ ನನ್ನ ಪಕ್ಕ ಕೂತು ಊಟ ಮಾಡಿದ. ಮಾಂಸದ ದೊಡ್ಡ ಚೂರು ನನ್ನ ತಟ್ಟೆಗೇ ಹಾಕುತ್ತಿದ್ದ. ಒಂದೇ ಒಂದು ಸಲ ಕೇಳಿದ್ದ, ಹೋದ ವರ್ಷದ ಏಪ್ರಿಲ್‌ನಲ್ಲಿ — "ನಮ್ಮನೆ ಗುಂಡೀನ ಇನ್ನೊಂದು ಸಲ ನೋಡ್ತೀಯಾ, ಬಿಡುವಾದಾಗ?" ಯಾಕೆ, ಏನಾಗಿದೆ ಅದಕ್ಕೆ ಅಂದೆ. ಗಂಟಲು ಏರಿಸಿಯೇ ಅಂದೆ. ಏನಿಲ್ಲ ಬಿಡು ಅಂದ.

ಅವತ್ತು ಬೈದಿದ್ದರೆ ಬದುಕುತ್ತಿದ್ದ. ಲಾಲೋ, ನೀನೂ ಕೆಟ್ಟವನು. ನಿನ್ನ ಒಳ್ಳೆಯತನವನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ?

ಜೂನ್ 23

ಒರ್ತೆನ್ಸಿಯಾಳಿಂದ ಮೆಸೇಜು. "ನಾಳೆ ಬ್ರೇಕರ್ ತಗೊಂಡು ಬಾ." ಇಷ್ಟೇ.

ಜೂನ್ 24, ಸಾನ್ ಹ್ವಾನ್

ಐದೂವರೆಗೆ ಶುರು. ರಿಂಗ್ ಎತ್ತಿದೆ. ಜಲ್ಲಿ ಬಾಚಿದೆ. ಗುಂಡಿಯಲ್ಲೇ ನಿಂತು ಹೊಡೆದೆ. ಅರವತ್ತೊಂದು ವಯಸ್ಸು. ಪೂರ್ತಿ ಹೊಡೆದೆ. ಅವಳು ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಳು, ಅವತ್ತು ಲಾಲೋ ಕೂತ ಕುರ್ಚಿ. ನೀರು ಬೇಕಾ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಹನ್ನೊಂದಕ್ಕೆ ತುತ್ತೂರಿ ಶುರುವಾಯಿತು. ಹನ್ನೆರಡೂ ಕಾಲಿಗೆ ಬ್ರೇಕರಿನ ಸದ್ದು ಬದಲಾಯಿತು. ಮೊನೆ ಗಕ್ಕನೆ ಕೆಳಗೆ ಹೋಯಿತು. ಇಪ್ಪತ್ತು ಇಂಚು ದಪ್ಪದ ಕಲೀಚೆ, ಅದರಡಿ ಮರಳು. ತಣ್ಣನೆಯ ಸಡಿಲ ಮರಳು. ಮುಷ್ಟಿಯಲ್ಲಿ ಹಿಡಿದು ಅಲ್ಲೇ ಕೂತೆ. ಅತ್ತೆ. ಅವಳು ನೋಡಿದಳು.

ಸಂಜೆ ರಿಂಗ್ ಕೂರಿಸಿ ನೀರು ಬಿಟ್ಟೆ. ಲಾಲೋನ ಕೋಲು ಅವಳೇ ಇಳಿಸಿದಳು. ಗೆರೆಯನ್ನೂ ಅವಳೇ ಎಳೆದಳು.

ಜೂನ್ 25, ಬೆಳಿಗ್ಗೆ 5

ನಾನು ಹೋಗುವಷ್ಟರಲ್ಲಿ ಅವಳು ಗುಂಡಿಯ ಹತ್ತಿರ ನಿಂತಿದ್ದಳು. ತಳ ಕಾಣುತ್ತಿತ್ತು. ಒಂದು ಹನಿ ಇಲ್ಲ.

"ಇಷ್ಟೇನಾ?" ಅಂದಳು. "ಒಂದೇ ದಿನದ ಕೆಲಸಾನಾ ಇದು?"

ಹೌದು ಅಂದೆ. ಇನ್ನೇನು ಹೇಳಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಜಾಲರಿ ಮುಚ್ಚಿ ಬಂದೆ.

ಜುಲೈ 3

ಮೋಡ ಬಂದು ಬೆಟ್ಟದ ಆಚೆಗೇ ಹೋಯಿತು. ಎರಡು ಮನೆಯ ಚರಂಡಿ ತೊಳೆದೆ. ಎಲ್ಲ ಕಡೆ ಕೋಲು ಹಾಕಿ ನೋಡಿ ಬಂದೆ. ಒರ್ತೆನ್ಸಿಯಾಳಿಂದ ಫೋನಿಲ್ಲ.

ಜುಲೈ 9, ಬುಧವಾರ, ಸಂಜೆ 4:10

ಮಧ್ಯಾಹ್ನದಿಂದ ದಕ್ಷಿಣಕ್ಕೆ ಕಪ್ಪಗಾಗಿದೆ. ಗಾಳಿಗೆ ಧೂಳು ಎದ್ದಿದೆ. ಹೋಗಲೋ ಬೇಡವೋ… ಅಂಪಾರೋ ನನ್ನ ಬೂಟು ತಂದು ಬಾಗಿಲಲ್ಲಿಟ್ಟಳು. ಹೊರಟೆ.

4:55

ಅವರ ಮನೆ. ಇಲ್ಲೇ ಬರೆಯುತ್ತಿದ್ದೇನೆ. ನಾನು ಬಂದಾಗ ಒರ್ತೆನ್ಸಿಯಾ ಗುಂಡಿಯ ಪಕ್ಕ ಮಳೆಯಲ್ಲೇ ನಿಂತಿದ್ದಳು, ಕೈಯಲ್ಲಿ ನೀಲಿ ಬಕೆಟ್ಟು. ರಸ್ತೆಯ ನೀರು ಕೆಂಪಗೆ ಇಳಿದು ಬರುತ್ತಿತ್ತು. ಗುಂಡಿ ತುಂಬಿತು. ಜಾಲರಿಯ ಮಟ್ಟಕ್ಕೆ ಬಂತು, ಮೇಲೆ ಹರಿಯಿತು. ಬಕೆಟ್ಟಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿದಳು.

"ಕೂತ್ಕೊಳ್ಳಿ. ಪೂರ್ತಿ ಇಳಿಯೋವರೆಗೂ ಏಳ್ಬೇಡಿ" ಅಂದಳು.

ಅದರ ಮೇಲೆ ಕೂತಿದ್ದೇನೆ. ಮಳೆ ನಿಂತಿದೆ. ಪುಸ್ತಕ ಒದ್ದೆ, ಅಕ್ಷರ ಹರಡುತ್ತಿದೆ. ಅವಳು ಶೆಡ್ಡಿನ ಕಂಬ ಹಿಡಿದು ನಿಂತಿದ್ದಾಳೆ. ಜಾಲರಿಯ ಸಂದಿಯಲ್ಲಿ ಅವಳು ಇಳಿಸಿಟ್ಟ ಲಾಲೋನ ಕೋಲಿನ ಮೇಲೆ ನೀರು ಮೊದಲು ಜೂನ್ 24ರ ಗೆರೆಯಲ್ಲಿತ್ತು. ಈಗ ಅದರಿಂದ ನಾಲ್ಕು ಬೆರಳು ಕೆಳಗೆ. ಐದು. ಲಾಲೋನ ಅಕ್ಷರ ಒಂದೊಂದಾಗಿ ಕಾಣುತ್ತಿವೆ — ಜುಲೈ 19, ಮೂರು ಬಕೆಟ್. ಆಗಸ್ಟ್ 2, ಹನ್ನೊಂದು ಬಕೆಟ್. ಅದರ ಕೆಳಗೂ ಏನೋ ಬರೆದಿದ್ದಾನೆ, ಇನ್ನೂ ನೀರಿನಲ್ಲಿದೆ, ಈಗ ಇಳಿಯುತ್ತದೆ, ಈಗ—