ಸುಳ್ಳು ಸಾಕ್ಷಿ ಹೇಳಿದ ದರ್ಜಿಗೆ ಶಿಕ್ಷೆ ಯಾವಾಗ?

ಮಾನ್ಯ ಕಾನೂನು ಇಲಾಖೆಯ ಮುಖ್ಯಾಧಿಕಾರಿಗಳೇ,

ಕೊಲೆ ಮೊಕದ್ದಮೆಯಲ್ಲಿ ಸುಳ್ಳು ಸಾಕ್ಷಿ ಹೇಳಿದ ದರ್ಜಿಯೊಬ್ಬನನ್ನು ಶಿಕ್ಷಿಸಿ ಎಂದು ಎರಡು ವರ್ಷಗಳಲ್ಲಿ ನಿಮಗೆ ಮೂರು ಅರ್ಜಿ ಬಂದಿವೆ. ಮೂರಕ್ಕೂ 'ಪ್ರಕರಣ ಮುಗಿದಿದೆ' ಎಂದೇ ಉತ್ತರಿಸಿದ್ದೀರಿ. ಅರ್ಜಿದಾರನೂ ನಾನೇ, ಆ ದರ್ಜಿಯೂ ನಾನೇ. 'ವಯಸ್ಸಾಯ್ತು ಅಜ್ಜ, ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೊಳ್ತೀರಿ' ಎಂದು ನಿಮ್ಮ ಗುಮಾಸ್ತರು ನೀರು ಕೊಟ್ಟು ಕಳಿಸಿದರು. ತಾನಾಗಿ ಬಂದ ಅಪರಾಧಿಗೆ ಇಷ್ಟು ಉಪಚಾರ ಮಾಡುವ ಕಚೇರಿ ಇನ್ನೆಲ್ಲಾದರೂ ಇದೆಯೇ?

ಆರೋಪಿ ನಮ್ಮ ಬೀದಿಯ ಬಡಗಿ, ಎಡಚ. ಪೆನ್ಸಿಲ್ ಎಡಗೈಗೆ ಸಲೀಸಾಗಿ ಸಿಗಲೆಂದು ಅವನ ಅಂಗಿಗೆ ನಾನು ಯಾವಾಗಲೂ ಬಲಗಡೆಗೇ ಜೇಬು ಇಡುತ್ತಿದ್ದೆ. 'ಮರೆತು ಎಲ್ಲರ ಥರ ಹೊಲಿದುಬಿಟ್ಟೀಯ ಅಣ್ಣ' ಎಂದು ಪ್ರತಿ ಸಲ ಕಿಚಾಯಿಸುತ್ತಿದ್ದ. ಠಾಣೆಯಲ್ಲಿ ತೋರಿಸಿದ ರಕ್ತದ ಅಂಗಿಗೆ ಜೇಬು ಎಡಗಡೆಗಿತ್ತು. ಅದು ನಾನು ಅವನಿಗೆ ಹೊಲಿದದ್ದಲ್ಲ ಎಂದು ಆಗಲೇ ಗೊತ್ತಾಯಿತು. 'ನಾನೇ ಅವನಿಗೆ ಹೊಲಿದಿದ್ದು ಅಂತ ಹೇಳು, ಮನೆಗೆ ಹೋಗು. ಇಲ್ಲಾಂದ್ರೆ ನಿನ್ನ ಹೆಸರೂ ಸೇರಿಸ್ಬೇಕಾಗತ್ತೆ' ಎಂದರು ತನಿಖಾಧಿಕಾರಿ. ಹೆದರಿದೆ. ಕಟಕಟೆಯಲ್ಲಿ ಹಾಗೇ ಹೇಳಿದೆ. 'ಜೇಬು ನೋಡಿ ಸ್ವಾಮಿ' ಎಂದು ಬಡಗಿ ಅಂಗಲಾಚಿದ. ಇವನಿಗೆ ಎಡಗಡೆ ಜೇಬಿನದ್ದೂ ಹೊಲಿದಿದ್ದೀಯಾ ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು. 'ಒಂದೆರಡು' ಎಂದೆ. ಮೊದಲನೆಯ ಸುಳ್ಳು ಹೆದರಿಕೆಯದ್ದು. ಎರಡನೆಯದಕ್ಕೆ ನನ್ನ ಬಳಿ ಯಾವ ನೆಪವೂ ಇಲ್ಲ.

ಪ್ರಾಣಕ್ಕೆ ಕುತ್ತು ತರುವ ಪ್ರಕರಣದಲ್ಲಿ ಸುಳ್ಳು ಹೇಳಿದವನಿಗೆ ಕಠಿಣ ಶಿಕ್ಷೆಯೆಂದು ನಿಮ್ಮ ಕಾನೂನೇ ಹೇಳುತ್ತದೆ. ಆ ಪುಟವನ್ನು ಯಾರಿಗಾಗಿ ಅಚ್ಚು ಹಾಕಿಸಿದ್ದೀರಿ?

ಶಿಕ್ಷೆಯಾದ ಒಂಬತ್ತನೆಯ ವರ್ಷ ಬಡಗಿ ಜೈಲಿನಲ್ಲೇ ತೀರಿಕೊಂಡ. ನಾನು ಅವನ ಮಗಳ ಮನೆಗೆ ಹೋಗಿ ನಿಜ ಹೇಳಿದೆ. ಅವಳು ಅಳಲಿಲ್ಲ.

'ಒಂದ್ಸಲ ಬಂದು ಹೋಗು ಮಗಳೇ ಅಂತ ಅಪ್ಪ ಕಾಗದ ಬರೀತಾನೇ ಇದ್ರು. ಕೊಲೆಗಾರನ ಮುಖ ಯಾಕೆ ನೋಡ್ಲಿ ಅಂತ ನಾನು ಹೋಗ್ಲಿಲ್ಲ. ಆವತ್ತು ಹೌದು ಅಂದೋರೂ ನೀವೇ, ಇವತ್ತು ಅಲ್ಲ ಅನ್ನೋರೂ ನೀವೇ. ಯಾವುದನ್ನ ನಂಬ್ಲಿ ದೊಡ್ಡಪ್ಪ? ಕೋರ್ಟು ಬರ್ದುಕೊಡ್ಲಿ, ನಂಬ್ತೀನಿ.'

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಕಾಗದ ಕೊಡುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ. ನಾನು ಕ್ಷಮೆ ಬೇಡುತ್ತಿಲ್ಲ. ನನ್ನ ಮೇಲೆ ಮೊಕದ್ದಮೆ ಹೂಡಿ, ಅದೇ ಕಟಕಟೆಗೆ ಕರೆಸಿ, ಅವಳ ಎದುರಿಗೇ ತೀರ್ಪು ಓದಿಸಿ. ನಾನು ಅಪರಾಧಿ ಎಂದು ನೀವು ಬರೆಯುವವರೆಗೆ ಆ ಹುಡುಗಿಗೆ ಅವಳ ಅಪ್ಪ ಕೊಲೆಗಾರನಾಗಿಯೇ ಉಳಿಯುತ್ತಾನೆ. ನನಗೆ ಎಪ್ಪತ್ತೊಂದು ವರ್ಷ. ದಯವಿಟ್ಟು ಬೇಗ ಮಾಡಿ.

ಇಂತಿ,
ನಿಮ್ಮ ಕಡತದಲ್ಲಿ ಇಂದಿಗೂ ನಂಬಿಕಸ್ಥನಾಗಿ ಉಳಿದಿರುವ ಸಾಕ್ಷಿ