ಖಾಲಿ ಕುರ್ಚಿಯ ತೂಕ

ಕ್ರಾಕುವ್
೧೨ ಮಾರ್ಚ್ ೧೯೯೮

ಪ್ರೀತಿಯ ಬೊಗುಮಿಲಾ,

ವಿಜ್ಞಾನಲೋಕಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಿನ್ನ ಗಂಡನ ಕುರ್ಚಿ ನನ್ನ ಪಾಲಿಗೆ ಬಂದಿದೆ! ತಿಮೆಕ್ ತೀರಿಹೋಗಿ ನಾಲ್ಕು ತಿಂಗಳಾದರೂ ಒಂದು ಸಾಲು ಬರೆಯದ ಈ ಸೋಮಾರಿಯನ್ನು ಮನಸ್ಸಿನಲ್ಲೇ ನಾಲ್ಕು ಬೈದು ಮುಂದೆ ಓದು.

ಬೆಳಕಿನ ಕಣ ಬಂದು ತಾಕಿದ ಕ್ಷಣವನ್ನು ಹಿಡಿಯುವುದು ನಮ್ಮ ಸರ್ಕ್ಯೂಟಿನ ಕೆಲಸ. ಸೆಕೆಂಡನ್ನು ನೂರು ಕೋಟಿ ಹೋಳು ಮಾಡಿದರೂ ಅದಕ್ಕೆ ತೃಪ್ತಿಯಿಲ್ಲ. ಆದರೆ ಕಣವೇ ಬಾರದಾಗಲೂ ಆಗೊಮ್ಮೆ ಈಗೊಮ್ಮೆ ಒಂದು ಮಿಡಿತ ದಾಖಲಾಗುತ್ತಿತ್ತು. ಆ ಕಳ್ಳ ಸಿಗುವ ತನಕ ಉಪಕರಣ ವೀಕ್ಷಣಾಲಯಕ್ಕೆ ಹೋಗುವಂತಿರಲಿಲ್ಲ. ತಿಮೆಕ್‌ನ ವಿನ್ಯಾಸದ್ದೇ ತಪ್ಪೆಂದು ನಾವೆಲ್ಲ ತೀರ್ಮಾನಿಸಿದ್ದೆವು.

ಹೋದ ವಾರ ಚಹಾಕ್ಕೆಂದು ಎದ್ದೆ. ನಮ್ಮ ಹೊಸ ಎಂಜಿನಿಯರ್ ಕಿಂಗಾ ಪರದೆ ನೋಡುತ್ತಲೇ ಕೂಗಿದಳು: "ರಾದೆಕ್ ಸಾರ್, ಇನ್ನೊಂದ್ಸಲ ಕೂತು ಏಳಿ!"

ಎದ್ದೆ. ಮಿಡಿತ!

"ಕಳ್ಳ ನಿಮ್ಮ ಅಡೀಲೇ ಕೂತಿದಾನಲ್ಲ ಸಾರ್!"

ಕುರ್ಚಿಯ ಕಾಲಿನ ಗ್ಯಾಸ್ ಕೊಳವೆ ಭಾರ ಇಳಿದೊಡನೆ ಕಣ್ಣಿಗೆ ಕಾಣದ ಕಿಡಿ ಹಾರಿಸುತ್ತದೆ. ನಮ್ಮ ತಂತಿಗಳು ಅದನ್ನು ಹಿಡಿಯುತ್ತವೆ. ಭಾರ ಹೆಚ್ಚಿದಷ್ಟೂ ಮಿಡಿತ ಎತ್ತರ. ಕಿಂಗಾಳ ಐವತ್ತನಾಲ್ಕು ಕಿಲೋಗೆ ಗುಡ್ಡ, ನನ್ನ ತೊಂಬತ್ತೆರಡಕ್ಕೆ ಗೋಪುರ.

"ಕರಿದ ಪೋಂಚ್ಕಿ ತಿನ್ನೋದು ಕಮ್ಮಿ ಮಾಡಿ ಸಾರ್, ಪರದೆ ಸಾಲ್ತಿಲ್ಲ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮರುದಿನ ಹನ್ನೊಂದಕ್ಕೆ ಇಬ್ಬರೂ ನಿಂತೇ ಇದ್ದೆವು. ಕುರ್ಚಿ ಖಾಲಿ. ಮಿಡಿತ ಬಂತು. ಅದರ ಮಾರನೆಯ ದಿನವೂ ಅದೇ ಹೊತ್ತಿಗೆ. ತಿಮೆಕ್ ಸಿಗರೇಟಿಗೆಂದು ಏಳುತ್ತಿದ್ದ ಹೊತ್ತು.

"ಬಿಸಿಲಿಗೆ ಕಬ್ಬಿಣ ಹಿಗ್ಗಿರತ್ತೆ," ಎಂದೆ.

"ಬಿಸಿಲೆಲ್ಲಿದೆ ಸಾರ್?"

ಈಗ ಆ ಕುರ್ಚಿಯ ಪಕ್ಕ ಹಾಯುವಾಗ ಕಿಂಗಾ "ಸ್ವಲ್ಪ ಜಾಗ ಬಿಡಿ" ಎನ್ನುತ್ತಾಳೆ. ತಮಾಷೆಗೇ. ಆದರೆ ನಗುವುದಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈಸ್ಟರ್‌ಗೆ ನಮ್ಮಲ್ಲಿಗೇ ಬಾ.

ನಿನ್ನ
ರಾದೆಕ್

ಮರೆತಿದ್ದೆ: "ತಪ್ಪು ಸರ್ಕ್ಯೂಟಿಂದಲ್ಲ ಕಣೋ, ನಾನು ಎದ್ದಾಗೆಲ್ಲ ಬರ್ತಿದೆ," ಎಂದು ತಿಮೆಕ್ ಹೇಳಿದ್ದ. "ಹಾಗಾದ್ರೆ ಏಳ್ಬೇಡ," ಎಂದು ಎಲ್ಲರೆದುರು ನಗಾಡಿದವನು, ಆಮೇಲೆ ನಮ್ಮ ಸಂಶೋಧನಾ ಲೇಖನದಿಂದ ಅವನ ಹೆಸರು ಹೊಡೆದುಹಾಕಿದವನು ನಾನೇ. ನಿನಗೆ ಅವನು ಹೇಳಿರಲಾರ. ಈಗ ಹೆಸರನ್ನು ಮತ್ತೆ ಸೇರಿಸಿದ್ದೇನೆ. ಆದರೂ ಹನ್ನೊಂದರ ಮಿಡಿತ ನಿಂತಿಲ್ಲ. ಅದರ ಎತ್ತರ ಅಳೆದು ಲೆಕ್ಕ ಹಾಕಿದೆ: ಎಪ್ಪತ್ತೊಂದು ಕಿಲೋ. ಆಸ್ಪತ್ರೆಯ ಚೀಟಿಯಲ್ಲಿ ಅವನ ತೂಕ ಬರೆದಿರುತ್ತದೆ. ದಯವಿಟ್ಟು ಹುಡುಕಿ, ಒಂದು ಕಾರ್ಡಿನಲ್ಲಿ ಬರೆದು ಹಾಕು. ಅಂಕಿಯಷ್ಟೇ ಸಾಕು.